ಎರಡು ಕರಾರುಗಳು: ಸೊಲ್ಲಾಪುರ ಸೀಮೆಯ ಗಿರಣಿ ಪಗಾರದ ಇತಿಹಾಸ

ಗಡಿನಾಡಿನ ಇತಿಹಾಸವನ್ನು ಬರೆಯಲು ಹೊರಟ ನಮ್ಮ ಅಧ್ಯಾಪಕ ಬಂಧುಗಳು ಶಾಸನಗಳನ್ನು ಓದಿದ್ದಾರೆ, ಹಾಳುಗುಡಿಗಳನ್ನು ಅಳೆದಿದ್ದಾರೆ, ಕವಿಗಳ ಕಾಲವನ್ನು ಕುರಿತು ವಾದ ಮಾಡಿದ್ದಾರೆ. ಇವೆಲ್ಲವೂ ಆಗಬೇಕಾದ ಕೆಲಸಗಳೇ. ಆದರೆ ಒಂದು ಊರಿನ ಸಾವಿರಾರು ಮನೆಗಳಲ್ಲಿ ಒಲೆ ಹೊತ್ತಿದ್ದು ಯಾವುದರಿಂದಲೋ, ಆ ಪಗಾರದ ಇತಿಹಾಸಕ್ಕೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಸಿಗಬೇಕಾದಷ್ಟು ಎಡೆ ಸಿಕ್ಕಿಲ್ಲ. ಪಗಾರವನ್ನು ಯಾರು ಗೊತ್ತುಮಾಡಿದರು, ಯಾರೊಡನೆ ಕುಳಿತು ಗೊತ್ತುಮಾಡಿದರು, ದುಡಿಸುವವನ ಪಾಲಿಗೂ ದುಡಿಯುವವನ ಪಾಲಿಗೂ ಇದ್ದ ಅಂತರವೆಷ್ಟು ಎಂಬ ಪ್ರಶ್ನೆಗಳು ಅರಸರ ವಂಶಾವಳಿಗಿಂತ ಕಡಿಮೆ ತೂಕದವಲ್ಲ.

ಮೊದಲಿಗೆ ಶಬ್ದಗಳನ್ನೇ ನೋಡೋಣ. ‘ಕೂಲಿ’ ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಹಳೆಯ ಮಾತು. ‘ಸಂಬಳ’ವು ಸಂಸ್ಕೃತದ ‘ಶಂಬಲ’ದಿಂದ ಬಂದುದು, ದಾರಿಯ ಬುತ್ತಿಯೆಂಬುದು ಅದರ ಮೂಲಾರ್ಥ. ನಮ್ಮ ಸೀಮೆಯ ‘ಪಗಾರ’ವು ಪೋರ್ತುಗೀಜರಿಂದ ಮರಾಠಿಗೂ ಅಲ್ಲಿಂದ ನಮ್ಮ ಬಾಯಿಗೂ ಇಳಿದುದು. ‘ಕರಾರು’ ಅರಬ್ಬಿಯದು, ನೆಲೆನಿಲ್ಲಿಸಿದ ಮಾತು ಎಂದು ಅದರ ಭಾವ. ದಾರಿಯ ಬುತ್ತಿ ಎಷ್ಟಿರಬೇಕೆಂಬುದನ್ನು ಇಬ್ಬರೂ ಕೂಡಿ ನೆಲೆನಿಲ್ಲಿಸುವುದೇ ಪಗಾರದ ಕರಾರು. ಈ ಸರಳವಾದ ಮಾತು ವ್ಯವಹಾರಕ್ಕೆ ಇಳಿಯಲು ನಮ್ಮ ಗಿರಣಿಗಳಲ್ಲಿ ಮುಕ್ಕಾಲು ಶತಮಾನ ಹಿಡಿಯಿತು. ಆ ಕಥೆಯ ಮುಖ್ಯ ಘಟ್ಟಗಳನ್ನು ಸೊಲ್ಲಾಪುರವನ್ನು ಮುಂದಿಟ್ಟುಕೊಂಡು ನಿರೂಪಿಸುವುದು ಈ ಲೇಖನದ ಉದ್ದೇಶ.

ಗಿರಣಿಯ ಊರು

ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರವೆಂಬುದು ನಮ್ಮ ವಾಚಕರಿಗೆ ತಿಳಿದ ವಿಷಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಊರಿಗೆ ರೇಲ್ವೆ ಬಂತು. ಸುತ್ತಣ ಕರಿಭೂಮಿಯ ಹತ್ತಿಗೆ ಪೇಟೆ ಸಿಕ್ಕಿತು. ೧೮೭೪ರಲ್ಲಿ ಮುಂಬಯಿಯ ವ್ಯಾಪಾರಿ ಮೊರಾರಜಿ ಗೋಕುಳದಾಸರ ಮುಂದಾಳುತನದಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಕಂಪನಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ‘ಜುನೀ ಗಿರಣಿ’, ಎಂದರೆ ಹಳೆಯ ಗಿರಣಿ. ಮುಂದೆ ನರಸಿಂಗಗಿರಜಿ, ಲಕ್ಷ್ಮೀ, ವಿಷ್ಣು, ಜಾಮ್ ಗಿರಣಿಗಳು ಒಂದೊಂದಾಗಿ ಎದ್ದುವು.

೧೮೭೬ರಿಂದ ೧೮೭೮ರ ವರೆಗೆ ದಖ್ಖಣವನ್ನು ಸುಟ್ಟ ಮಹಾಕ್ಷಾಮವು ಗಿರಣಿಗಳು ಕಣ್ಣು ಬಿಡುವ ಹೊತ್ತಿಗೇ ಬಂದಿತು. ಹೊಲ ಬಿಟ್ಟವನಿಗೆ ಗಿರಣಿಯ ಬಾಗಿಲೊಂದು ಆಸರೆಯಾಯಿತು. ತೆಲುಗು ಮಾತಾಡುವ ಪದ್ಮಸಾಲಿ ನೇಕಾರರು, ಮರಾಠಿ ಮಾತಾಡುವ ಒಕ್ಕಲುಮಕ್ಕಳು, ಕನ್ನಡ ಮಾತಾಡುವ ನಮ್ಮ ಹಳ್ಳಿಗಳ ಜನ, ಮುಸಲ್ಮಾನ ನೇಕಾರರು ಒಂದೇ ಭೋಂಗಾದ ಕೂಗಿಗೆ ಎದ್ದು ಒಂದೇ ಬಾಗಿಲಲ್ಲಿ ಒಳಹೊಕ್ಕರು. ನೂಲಿನ ಖಾತೆಯಲ್ಲಿ ಎಳೆ ಕಡಿದರೆ ಅದನ್ನು ಯಾವ ಭಾಷೆಯವನು ಗಂಟುಹಾಕಿದನೆಂದು ಯಂತ್ರವು ಕೇಳುವುದಿಲ್ಲ. ಆದರೆ ಕರಾರಿನ ಕಾಗದಕ್ಕೆ ಭಾಷೆಯುಂಟು. ಈ ಮಾತಿಗೆ ಮುಂದೆ ಬರುತ್ತೇವೆ.

ಏಜಂಟರ ಕಾಗದ, ಮುಕಾದಮನ ಮಾತು

ಗಿರಣಿಯಲ್ಲಿ ಮೊದಲಿನಿಂದಲೂ ಎರಡು ಕರಾರುಗಳಿದ್ದುವು. ಒಂದು ಬರೆದುದು, ಇನ್ನೊಂದು ಬಾಯಿಮಾತಿನದು. ಬರೆದ ಕರಾರು ಮ್ಯಾನೇಜಿಂಗ್ ಏಜಂಟರದು. ಆ ಕಾಲದ ಭಾರತೀಯ ಗಿರಣಿಗಳಲ್ಲಿ ಬಂಡವಾಳ ಹಾಕಿದವರು ಷೇರುದಾರರು. ಆಡಳಿತ ನಡೆಸಿದವರು ಕಂಪನಿಯೊಡನೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡ ಏಜನ್ಸಿಯ ಮನೆತನ. ಆ ಒಪ್ಪಂದ ಹಲವೆಡೆ ತಂದೆಯಿಂದ ಮಗನಿಗೆ ಬರುವ ಸೊತ್ತಿನಂತೆಯೇ ನಡೆಯಿತು. ಮುಂಬಯಿಯ ಆರಂಭದ ಗಿರಣಿಗಳಲ್ಲಿ ಏಜಂಟರ ಪ್ರತಿಫಲ ತಯಾರಾದ ಪ್ರತಿಯೊಂದು ಪೌಂಡು ನೂಲಿಗೆ ಕಾಲಾಣೆ. ಗಿರಣಿಗೆ ಲಾಭವಾಯಿತೋ ನಷ್ಟವಾಯಿತೋ ಎಂಬುದಕ್ಕೂ ಈ ಕಾಲಾಣೆಗೂ ಸಂಬಂಧವಿರಲಿಲ್ಲ. ಅಹಮದಾಬಾದಿನ ಗಿರಣಿಗಳಲ್ಲಿ ಮಾರಾಟದ ಮೇಲೆ ಶೇಕಡಾವಾರು ಕಮಿಷನ್ನು ತೆಗೆದುಕೊಳ್ಳುವ ಪದ್ಧತಿ ಬೆಳೆಯಿತು. ೧೮೮೬ರಲ್ಲಿ ಜೆಮ್ಸೇಟಜಿ ಟಾಟಾ ಅವರು ತಮ್ಮ ಸ್ವದೇಶಿ ಗಿರಣಿಯಲ್ಲಿ ಉತ್ಪಾದನೆಯ ಮೇಲಿನ ಕಮಿಷನ್ನನ್ನು ಬಿಟ್ಟು ಲಾಭದಲ್ಲಿ ನೂರಕ್ಕೆ ಹತ್ತೆಂಬ ನಿಯಮವನ್ನು ತಂದುದು ಆ ದಿನಗಳಲ್ಲಿ ಹೊಸ ನಡೆಯೆನಿಸಿತು.

ಕಾಲಾಣೆಯೆಂದರೆ ಅಲ್ಪವೆಂದು ತೋರಬಹುದು. ತರಗತಿಯಲ್ಲಿ ಮಕ್ಕಳಿಗೆ ಕೊಡುವ ಲೆಕ್ಕದಂತೆ ಇದನ್ನೂ ಮಾಡಿ ನೋಡೋಣ. ಅರುವತ್ತನಾಲ್ಕು ಪೌಂಡಿಗೆ ಒಂದು ರೂಪಾಯಿ ಆಯಿತು. ಗಿರಣಿಯೊಂದು ವರ್ಷಕ್ಕೆ ಹತ್ತು ಲಕ್ಷ ಪೌಂಡು ನೂಲು ತೆಗೆಯಿತೆಂದು ಹಿಡಿದರೆ ಏಜಂಟರಿಗೆ ೧೫,೬೨೫ ರೂಪಾಯಿ. ಅದೇ ಗಿರಣಿಯ ಆಳಿಗೆ ತಿಂಗಳಿಗೆ ಹತ್ತು ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ ೧೨೦. ಒಂದು ಮನೆತನದ ಕಮಿಷನ್ನು ನೂರಮೂವತ್ತು ಆಳುಗಳ ವರ್ಷದ ದುಡಿಮೆಗೆ ಸಮ. ಇದು ತಿಳಿವಳಿಕೆಗಾಗಿ ಹಾಕಿದ ಲೆಕ್ಕವೇ ಹೊರತು ಯಾವೊಂದು ಗಿರಣಿಯ ಖಾತೆಯೂ ಅಲ್ಲ. ಆದರೆ ವ್ಯವಸ್ಥೆಯ ರೀತಿಯನ್ನು ಇದು ಸ್ಪಷ್ಟಪಡಿಸುತ್ತದೆ. ನೂಲು ಹೆಚ್ಚಿದಷ್ಟೂ ಏಜಂಟರ ಗಳಿಕೆ ತಾನಾಗಿ ಏರುತ್ತಿತ್ತು. ಆಳಿನ ಪಗಾರ ತಾನಾಗಿ ಏರುವ ಯಾವ ಏರ್ಪಾಡೂ ಇರಲಿಲ್ಲ.

ಎರಡನೆಯ ಕರಾರು ಮುಕಾದಮನ ಬಾಯಲ್ಲಿತ್ತು. ಆಳನ್ನು ಸೇರಿಸುವವನು, ಬಿಡಿಸುವವನು, ಯಾರಿಗೆ ಯಾವ ಸಾಂಚೆ ಎಂದು ಗೊತ್ತುಮಾಡುವವನು ಅವನೇ. ಕೆಲಸ ಸಿಕ್ಕಿದ್ದಕ್ಕೆ ಅವನಿಗೆ ದಸ್ತೂರಿ ಸಲ್ಲಬೇಕು. ಪಗಾರ ಕೈಗೆ ಬರುವುದು ದುಡಿದ ತಿಂಗಳು ಕಳೆದು ಎಷ್ಟೋ ದಿನಗಳ ಮೇಲೆ. ಅದರಲ್ಲಿಯೂ ದಂಡದ ಕಡಿತ. ಆ ನಡುವೆ ಹೊಟ್ಟೆಗೆ ಕಿರಾಣಿ ಅಂಗಡಿಯವನ ಉದರಿ, ಸಾವುಕಾರನ ಸಾಲ. ೧೯೨೯ರಲ್ಲಿ ನೇಮಕಗೊಂಡು ೧೯೩೧ರಲ್ಲಿ ವರದಿಯಿತ್ತ ರಾಯಲ್ ಕಮಿಷನ್ನು, ಹೆಚ್ಚಿನ ಔದ್ಯೋಗಿಕ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕಾರ್ಮಿಕ ಕುಟುಂಬಗಳು ಸಾಲದಲ್ಲಿವೆಯೆಂದು ಕಂಡುಕೊಂಡಿತು.

ಕಾನೂನು ಯಾವ ಕಡೆಗೆ ವಾಲಿತ್ತೆಂಬುದಕ್ಕೆ ಒಂದೇ ನಿದರ್ಶನ ಸಾಕು. ೧೮೫೯ರ ೧೩ನೆಯ ಕಾಯಿದೆಯ ಮೇರೆಗೆ ಮುಂಗಡ ಪಡೆದು ಕೆಲಸ ಬಿಟ್ಟ ಕೆಲಸಗಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಸೆರೆಮನೆಗೆ ಕಳಿಸಬಹುದಾಗಿತ್ತು. ಕೆಲಸ ಕೊಟ್ಟವನು ಮಾತಿಗೆ ತಪ್ಪಿದರೆ ಅದು ದಿವಾಣಿ ವ್ಯಾಜ್ಯ. ಕೆಲಸಗಾರನು ತಪ್ಪಿದರೆ ಅದು ಅಪರಾಧ. ಈ ಕಾಯಿದೆಯು ೧೯೨೫ರಲ್ಲಿ ರದ್ದಾಗುವ ವರೆಗೆ ‘ಕರಾರು’ ಎಂಬ ಮಾತು ದುಡಿಯುವವನ ಪಾಲಿಗೆ ಕೊರಳ ಹಗ್ಗವಾಗಿಯೇ ಇತ್ತು.

ಅರ್ಜಿಯಿಂದ ಮಾತುಕತೆಗೆ

ಗಿರಣಿ ಆಳುಗಳ ಪರವಾಗಿ ಮೊದಲು ಬಾಯಿ ತೆರೆದವರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಹೆಸರು ಮುಖ್ಯವಾದುದು. ಮಹಾತ್ಮಾ ಫುಲೆಯವರ ಬಳಗದವರಾದ ಇವರು ‘ದೀನಬಂಧು’ ಪತ್ರಿಕೆಯನ್ನು ನಡೆಸಿದರು. ೧೮೮೪ರ ಸಪ್ಟಂಬರದಲ್ಲಿ ಮುಂಬಯಿಯಲ್ಲಿ ಇವರು ಸಭೆಗಳನ್ನು ಸೇರಿಸಿ ಸುಮಾರು ಐದೂವರೆ ಸಾವಿರ ಕಾರ್ಮಿಕರ ರುಜುಗಳುಳ್ಳ ಮನವಿಯನ್ನು ಸಿದ್ಧಪಡಿಸಿದರು. ವಾರಕ್ಕೊಂದು ಬಿಡುವು, ಮಧ್ಯಾಹ್ನ ಅರ್ಧ ತಾಸು ವಿಶ್ರಾಂತಿ, ಮುಂದಿನ ತಿಂಗಳ ಹದಿನೈದರೊಳಗೆ ಪಗಾರ, ಗಾಯಗೊಂಡವನಿಗೆ ಪರಿಹಾರ ಇವು ಅದರ ಬೇಡಿಕೆಗಳು. ೧೮೯೦ರ ಜೂನಿನಲ್ಲಿ ಮುಂಬಯಿಯ ಗಿರಣಿ ಮಾಲೀಕರು ಭಾನುವಾರದ ರಜೆಯನ್ನು ಒಪ್ಪಿದರು. ಇಂದು ನಮ್ಮ ಶಾಲೆಗಳೂ ಕಚೇರಿಗಳೂ ಸಹಜವೆಂದು ಅನುಭವಿಸುವ ಭಾನುವಾರದ ಹಿಂದೆ ಗಿರಣಿ ಆಳುಗಳ ಹೆಬ್ಬೆಟ್ಟಿನ ಗುರುತುಗಳೂ ಇವೆಯೆಂಬುದನ್ನು ಮರೆಯಲಾಗದು.

ಆದರೆ ಲೋಖಂಡೆಯವರದು ಅರ್ಜಿ. ಕೊಡುವುದು ಬಿಡುವುದು ಮಾಲೀಕರ ಚಿತ್ತ. ಸರಿಸಮಾನರಾಗಿ ಕುಳಿತು ಪಗಾರದ ಮಾತಾಡುವ ಕ್ರಮಕ್ಕೆ ಪ್ರಸಿದ್ಧ ನಿದರ್ಶನ ೧೯೧೮ರ ಅಹಮದಾಬಾದಿನ ಪ್ರಕರಣ. ೧೯೧೭ರಲ್ಲಿ ಪ್ಲೇಗು ಹಬ್ಬಿದಾಗ ಆಳುಗಳು ಊರು ಬಿಡದಂತೆ ಮಾಲೀಕರು ಪ್ಲೇಗಿನ ಬೋನಸ್ಸು ಕೊಟ್ಟರು. ಬೇನೆ ಇಳಿದ ಮೇಲೆ ಅದನ್ನು ನಿಲ್ಲಿಸಲು ಹೊರಟರು. ಅಷ್ಟರಲ್ಲಿ ಯುದ್ಧದ ತುಟ್ಟಿಕಾಲ ನೆತ್ತಿಗೇರಿತ್ತು. ನೇಕಾರರು ನೂರಕ್ಕೆ ೫೦ ಹೆಚ್ಚಳ ಕೇಳಿದರು. ಮಾಲೀಕರು ೨೦ಕ್ಕೆ ನಿಂತರು. ಫೆಬ್ರುವರಿಯಲ್ಲಿ ಇಬ್ಬರಿಗೂ ಒಪ್ಪಿತವಾದ ಪಂಚಾಯತಿಯೊಂದು ಏರ್ಪಟ್ಟಿತು. ಕಾರ್ಮಿಕರ ಕಡೆಯಿಂದ ಗಾಂಧೀಜಿ, ವಲ್ಲಭಭಾಯಿ ಪಟೇಲರು, ಶಂಕರಲಾಲ ಬ್ಯಾಂಕರರು. ಮಾಲೀಕರ ಕಡೆಗೆ ಅಂಬಾಲಾಲ ಸಾರಾಭಾಯಿಯವರೇ ಮೊದಲಾದವರು. ಅಂಬಾಲಾಲರ ಸ್ವಂತ ಅಕ್ಕ ಅನಸೂಯಾ ಬೆನ್ ಕಾರ್ಮಿಕರ ಪಕ್ಷದಲ್ಲಿದ್ದುದು ಈ ಪ್ರಸಂಗದ ವೈಶಿಷ್ಟ್ಯ.

ಪಂಚಾಯತಿ ಮುರಿದುಬಿದ್ದು ಫೆಬ್ರುವರಿ ೨೨ರಂದು ಮಾಲೀಕರು ಗಿರಣಿಗಳಿಗೆ ಬೀಗ ಹಾಕಿದರು. ಆಗ ಗಾಂಧೀಜಿಯವರು ಮಾಡಿದ ಮೊದಲ ಕೆಲಸ ಲೆಕ್ಕ. ಧಾರಣೆವಾಸಿಗಳನ್ನೂ ಮುಂಬಯಿಯ ಪಗಾರದ ದರಗಳನ್ನೂ ತೂಗಿ ನೋಡಿ, ೫೦ರ ಬೇಡಿಕೆಯನ್ನು ೩೫ಕ್ಕೆ ಇಳಿಸುವಂತೆ ಕಾರ್ಮಿಕರನ್ನೇ ಒಪ್ಪಿಸಿ, ಆಮೇಲೆ ಅದರಿಂದ ಕೆಳಗಿಳಿಯಬಾರದೆಂದು ಪ್ರತಿಜ್ಞೆ ಮಾಡಿಸಿದರು. ಮಾರ್ಚಿ ೧೫ರಂದು ಅವರು ಉಪವಾಸ ಹೂಡಿದರು, ೧೮ರಂದು ರಾಜಿಯಾಯಿತು. ಮೊದಲ ದಿನ ೩೫, ಎರಡನೆಯ ದಿನ ೨೦, ಮೂರನೆಯ ದಿನದಿಂದ ಪಂಚರ ತೀರ್ಪು ಬರುವ ವರೆಗೆ ೨೭॥ ಎಂಬುದು ರಾಜಿಯ ಸ್ವರೂಪ. ಮೊದಲನೆಯದರಿಂದ ಕಾರ್ಮಿಕರ ಪ್ರತಿಜ್ಞೆಯೂ ಎರಡನೆಯದರಿಂದ ಮಾಲೀಕರ ಹಟವೂ ಉಳಿದುವು. ಪಂಚರಾದ ಆನಂದಶಂಕರ ಧ್ರುವರು ಆ ವರ್ಷದ ಆಗಸ್ಟಿನಲ್ಲಿ ೩೫ನ್ನೇ ತೀರ್ಪಿತ್ತರು. ತಿಂಗಳಿಗೆ ೨೦ ರೂಪಾಯಿಯ ಆಳಿಗೆ ಇದರಿಂದ ಬಂದದ್ದು ೨೭. ಮಾಲೀಕರು ಕೊಡಮಾಡಿದ್ದು ೨೪. ಮೂರು ರೂಪಾಯಿಗಾಗಿ ಒಂದು ನಗರ ಮೂರೂವರೆ ವಾರ ಹಸಿದಿತ್ತು.

ಎರಡು ವರ್ಷಗಳ ಮೇಲೆ, ೧೯೨೦ರಲ್ಲಿ, ಅಲ್ಲಿ ಮಜೂರ ಮಹಾಜನ ಸಂಘ ನೆಲೆಗೊಂಡಿತು. ಮಾತುಕತೆ, ಅದು ಸೋತರೆ ಪಂಚಾಯತಿ, ಅದೂ ಸೋತರೆ ಮಾತ್ರ ಸಂಪು ಎಂಬ ಶಿಸ್ತು ಅಲ್ಲಿ ರೂಢಿಗೆ ಬಂತು. ಈ ಪದ್ಧತಿಯಲ್ಲಿ ನಮಗೆ ಒಂದು ಕೊರತೆಯೂ ಕಾಣುತ್ತದೆ. ಕಾರ್ಮಿಕನ ಮನೆಯ ಜೋಳ, ಗೋದಿ, ಎಣ್ಣೆ, ಬಟ್ಟೆಗಳ ಲೆಕ್ಕ ಪಂಚರ ಮುಂದೆ ಬಂತು. ಏಜಂಟರ ಕಮಿಷನ್ನಿನ ಲೆಕ್ಕ ಆ ಪಂಚಾಯತಿಯ ವಿಷಯವಾಗಲಿಲ್ಲ. ಒಬ್ಬನ ಅಡಿಗೆಮನೆ ತೆರೆದಿಟ್ಟು, ಇನ್ನೊಬ್ಬನ ತಿಜೋರಿ ಮುಚ್ಚಿಟ್ಟು ಮಾಡಿದ ತೂಕ ಅದು.

ಕಾನೂನಿನ ಆಸರೆ

ಸಂಘ ಕಟ್ಟುವುದೇ ತಪ್ಪೆಂದು ಎಣಿಸುವ ಕಾಲವಿತ್ತು. ೧೯೧೮ರಲ್ಲಿ ಮದರಾಸಿನಲ್ಲಿ ಬಿ. ಪಿ. ವಾಡಿಯಾ ಅವರು ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಆಳುಗಳ ಸಂಘವನ್ನು ಕಟ್ಟಿದರು. ಸಂಘದ ಮುಂದಾಳುಗಳು ಕೆಲಸಗಾರರಿಂದ ಕರಾರು ಮುರಿಸುತ್ತಾರೆಂದು ಗಿರಣಿಯ ಆಡಳಿತವು ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದಿತು. ಇದರಿಂದ ಎಚ್ಚತ್ತ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗಾಗಿ ಕಾಯಿದೆ ಬೇಕೆಂದು ಒತ್ತಾಯಪಡಿಸಿದರು. ಅದರ ಫಲವೇ ೧೯೨೬ರ ಕಾರ್ಮಿಕ ಸಂಘಗಳ ಕಾಯಿದೆ. ಇದರಿಂದ ಸಂಘಕ್ಕೆ ಜೀವದಾನವಾಯಿತು. ಆದರೆ ಮಾಲೀಕನು ಸಂಘದೊಡನೆ ಮಾತಾಡಲೇಬೇಕೆಂಬ ಕಟ್ಟಳೆ ಅದರಲ್ಲಿರಲಿಲ್ಲ.

೧೯೨೮ರಲ್ಲಿ ಮುಂಬಯಿಯ ಗಿರಣಿಗಳಲ್ಲಿ ಏಪ್ರಿಲಿನಿಂದ ಅಕ್ಟೋಬರದ ವರೆಗೆ ನಡೆದ ಮಹಾ ಸಂಪಿನ ಕೊನೆಯಲ್ಲಿ ಪಗಾರದ ದರಗಳನ್ನು ಎಲ್ಲ ಗಿರಣಿಗಳಲ್ಲಿ ಒಂದೇ ಸಮನಾಗಿ ಮಾಡುವ ಪ್ರಶ್ನೆ ಫಾಸೆಟ್ ಸಮಿತಿಯ ಮುಂದೆ ಹೋಯಿತು. ಸೊಲ್ಲಾಪುರದಲ್ಲಿಯೂ ಕಾರ್ಮಿಕರು ಸುಮ್ಮನಿರಲಿಲ್ಲ. ೧೯೩೦ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಗಿರಣಿಗಳು ನಿಂತುವು. ಊರಿನಲ್ಲಿ ಲಷ್ಕರಿ ಕಾಯಿದೆ ಜಾರಿಯಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ೧೯೩೧ರ ಜನವರಿ ೧೨ರಂದು ಯರವಡೆಯ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಈ ಚರಿತ್ರೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ದಿನ ಯಂತ್ರ ನಿಲ್ಲಿಸಿ ಹೊರಬಂದವರ ಪಗಾರವೆಷ್ಟಿತ್ತೆಂಬುದನ್ನೂ ಅದರ ಜೊತೆಗೆ ಹೇಳಿದರೆ ತ್ಯಾಗದ ತೂಕ ಅವರಿಗೆ ಚೆನ್ನಾಗಿ ತಿಳಿದೀತು.

೧೯೩೬ರಲ್ಲಿ ಪಗಾರ ಪಾವತಿಯ ಕಾಯಿದೆ ಬಂದು ಅವಧಿಯೊಳಗೆ ಹಣ ಕೊಡುವುದೂ ದಂಡಗಳಿಗೆ ಮಿತಿಯಿಡುವುದೂ ಕಡ್ಡಾಯವಾಯಿತು. ಮುಂಬಯಿ ಪ್ರಾಂತದಲ್ಲಿ ೧೯೩೮ರ ಔದ್ಯೋಗಿಕ ತಂಟೆಗಳ ಕಾಯಿದೆಯು ಸಂಪಿಗೆ ಮುಂಚೆ ಸಂಧಾನವನ್ನು ಕಡ್ಡಾಯಮಾಡಿತು. ಇದು ಸಂಪಿನ ಹಕ್ಕನ್ನು ಕುಗ್ಗಿಸುತ್ತದೆಂದು ಆ ವರ್ಷದ ನವಂಬರ ೭ರಂದು ಕಾರ್ಮಿಕರು ಪ್ರತಿಭಟನೆಯ ಸಂಪು ಹೂಡಿದರು. ಅನಂತರ ಬಂದುದು ೧೯೪೬ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯಿದೆ. ಒಂದು ಊರಿನ ಒಂದು ಉದ್ಯಮಕ್ಕೆ ಒಂದೇ ‘ಪ್ರತಿನಿಧಿ ಸಂಘ’. ಮಾಲೀಕರೊಡನೆ ಕರಾರಿನ ಮಾತಾಡುವ ಅಧಿಕಾರ ಅದಕ್ಕೇ ಮೀಸಲು. ಮಾಲೀಕನು ಮಾತಾಡಲೇಬೇಕೆಂಬ ಕಟ್ಟಳೆ ಕಡೆಗೂ ಬಂತು. ಆದರೆ ಯಾವುದು ಪ್ರತಿನಿಧಿ ಸಂಘವೆಂಬುದನ್ನು ಗೊತ್ತುಮಾಡುವವನು ಸದಸ್ಯರ ಪಟ್ಟಿ ನೋಡುವ ರಿಜಿಸ್ಟ್ರಾರನು. ಕಾರ್ಮಿಕರ ಗುಪ್ತ ಮತದಾನವಲ್ಲ. ಈ ಬೀಜ ಮುಂದೆ ದೊಡ್ಡ ಮರವಾಯಿತು.

ಮೂವತ್ತು, ಇಪ್ಪತ್ತೆಂಟು, ಇಪ್ಪತ್ತಾರು

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಔದ್ಯೋಗಿಕ ನ್ಯಾಯಾಲಯಗಳ ತೀರ್ಪುಗಳಿಂದ ಗಿರಣಿ ಆಳಿನ ಕನಿಷ್ಠ ಮೂಲವೇತನ ನಿಗದಿಯಾಯಿತು. ೨೬ ದಿನಗಳ ದುಡಿಮೆಯ ತಿಂಗಳಿಗೆ ಮುಂಬಯಿಯಲ್ಲಿ ೩೦ ರೂಪಾಯಿ, ಅಹಮದಾಬಾದಿನಲ್ಲಿ ೨೮, ಸೊಲ್ಲಾಪುರದಲ್ಲಿ ೨೬. ಇದರ ಮೇಲೆ ಆಯಾ ಊರಿನ ಜೀವನವೆಚ್ಚದ ಸೂಚ್ಯಂಕಕ್ಕೆ ಕೂಡಿಸಿದ ತುಟ್ಟಿಭತ್ಯೆ. ಗಿರಣಿಯ ಚರಿತ್ರೆಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಜೋಳದ ಧಾರಣೆ ಏರಿದರೆ ಪಗಾರವೂ ಏರಬೇಕೆಂಬ ನಿಯಮ ಕಾಗದದ ಮೇಲೆ ಬಂತು. ಏಜಂಟರಿಗೆ ಎಪ್ಪತ್ತು ವರ್ಷಗಳ ಹಿಂದೆಯೇ ದೊರೆತಿದ್ದ ‘ತಾನಾಗಿ ಏರುವ’ ಸೌಲಭ್ಯ ಆಳಿಗೆ ಆಗ ದೊರೆಯಿತು.

ಸೊಲ್ಲಾಪುರದ ಆಳಿಗೆ ಮುಂಬಯಿಯವನಿಗಿಂತ ನಾಲ್ಕು ರೂಪಾಯಿ ಕಡಿಮೆ. ಎಂದರೆ ರೂಪಾಯಿಗೆ ಎರಡಾಣೆಗೂ ಮಿಕ್ಕಿ ಕಡಿಮೆ. ಊರಿನಿಂದೂರಿಗೆ ಪಗಾರ ಬೇರೆಯಾಗುವಾಗ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು: ಸಣ್ಣ ಊರಿನ ಬಾಳು ಅಗ್ಗ, ಸಣ್ಣ ಊರಿನ ಗಿರಣಿಗೆ ಕೊಡುವ ಶಕ್ತಿ ಕಡಿಮೆ. ಮೊದಲನೆಯದರಲ್ಲಿ ಸತ್ಯವುಂಟು, ಖೋಲಿಯ ಬಾಡಿಗೆ ಎರಡು ಊರುಗಳಲ್ಲಿ ಒಂದೇ ಅಲ್ಲ. ಎರಡನೆಯದನ್ನು ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಕೊಡುವ ಶಕ್ತಿಯನ್ನು ಅಳೆಯುವಾಗ ಆಡಳಿತದ ಪಾಲನ್ನು ತೆಗೆದ ಮೇಲೆ ಉಳಿದುದನ್ನು ಅಳೆಯಬೇಕೆ, ತೆಗೆಯುವ ಮೊದಲು ಇದ್ದುದನ್ನು ಅಳೆಯಬೇಕೆ? ಮೊದಲು ಉಂಡವನು ಪಾತ್ರೆ ಬರಿದಾಗಿದೆಯೆಂದು ಹೇಳಿದರೆ ಪಾತ್ರೆಯನ್ನಷ್ಟೇ ನೋಡಿದವನು ನಂಬಿಯಾನು.

ಆಡಳಿತದ ಪಾಲಿಗೂ ಕ್ರಮೇಣ ಅಂಕೆ ಬಂತೆನ್ನಿ. ೧೯೩೬ರ ಕಂಪನಿ ಕಾಯಿದೆಯ ತಿದ್ದುಪಡಿಯು ಏಜಂಟರ ಪ್ರತಿಫಲವನ್ನು ನಿವ್ವಳ ಲಾಭದ ಶೇಕಡಾವಾರಿಗೆ ಕಟ್ಟಿ, ಅವಧಿಗೆ ಇಪ್ಪತ್ತು ವರ್ಷದ ಮಿತಿಯಿಟ್ಟಿತು. ೧೯೫೬ರ ಕಂಪನಿ ಕಾಯಿದೆಯು ಆಡಳಿತದ ಒಟ್ಟು ಪ್ರತಿಫಲವು ನಿವ್ವಳ ಲಾಭದಲ್ಲಿ ನೂರಕ್ಕೆ ೧೧ನ್ನು ಮೀರಬಾರದೆಂದಿತು; ಲಾಭ ಸಾಲದ ವರ್ಷವೂ ಒಟ್ಟು ೫೦,೦೦೦ ರೂಪಾಯಿಯ ವರೆಗೆ ಕೊಡಬಹುದೆಂದಿತು. ಕೆಲವು ವರ್ಷ ಹಿಂದಿನ ಸೊಲ್ಲಾಪುರದ ೨೬ ರೂಪಾಯಿಯ ಮೂಲವೇತನ ವರ್ಷಕ್ಕೆ ೩೧೨. ತುಟ್ಟಿಭತ್ಯೆಯನ್ನು ಇದರಲ್ಲಿ ಹಿಡಿದಿಲ್ಲ. ಐವತ್ತು ಸಾವಿರವು ಒಬ್ಬನಿಗೆ ಸೇರಬೇಕಾದುದೂ ಅಲ್ಲ. ಇಷ್ಟು ಮಿತಿಗಳನ್ನು ಹೇಳಿದ ಮೇಲೆಯೂ ಸಾರಾಂಶ ಉಳಿಯುತ್ತದೆ: ನಷ್ಟದ ವರ್ಷದಲ್ಲಿ ಆಡಳಿತಕ್ಕೂ ಕನಿಷ್ಠವೊಂದು ಬೇಕೆಂಬುದನ್ನು ಕಾನೂನು ಕಂಡಿತ್ತು. ಕಡೆಗೆ ೧೯೭೦ರ ಏಪ್ರಿಲಿನಿಂದ ಮ್ಯಾನೇಜಿಂಗ್ ಏಜನ್ಸಿಯ ಪದ್ಧತಿಯೇ ರದ್ದಾಯಿತು.

ದುಡಿಯುವವನ ಕನಿಷ್ಠವೆಂದರೇನು ಎಂಬ ಪ್ರಶ್ನೆಗೆ ೧೯೫೭ರ ಜುಲೈಯಲ್ಲಿ ಹೊಸದಿಲ್ಲಿಯಲ್ಲಿ ಸೇರಿದ ಭಾರತೀಯ ಕಾರ್ಮಿಕ ಸಮ್ಮೇಳನದ ಹದಿನೈದನೆಯ ಅಧಿವೇಶನ ಉತ್ತರವಿತ್ತಿತು. ಸರಕಾರ, ಮಾಲೀಕರು, ಸಂಘಗಳು ಮೂವರೂ ಕೂಡಿ ಒಪ್ಪಿದ ಸೂತ್ರವಿದು: ದುಡಿಯುವವನೊಬ್ಬನಿಗೆ ಮೂರು ಭುಕ್ತಿಘಟಕಗಳ ಕುಟುಂಬ, ಘಟಕಕ್ಕೆ ದಿನಕ್ಕೆ ೨,೭೦೦ ಕ್ಯಾಲೊರಿ ಆಹಾರ, ನಾಲ್ವರಿಗೆ ವರ್ಷಕ್ಕೆ ೭೨ ಗಜ ಬಟ್ಟೆ, ಮನೆಬಾಡಿಗೆ, ಉರುವಲು, ದೀಪ ಮುಂತಾದವುಗಳಿಗೆ ಒಟ್ಟು ವೇತನದ ಶೇಕಡಾ ೨೦. ಮಕ್ಕಳ ಓದು ಈ ಸೂತ್ರದಲ್ಲಿ ಬರಲಿಲ್ಲ. ಅಧ್ಯಾಪಕರಾದ ನಾವು ಇದನ್ನು ಅಡಿಗೆರೆಯೆಳೆದು ಓದಬೇಕು. ಶಿಕ್ಷಣ, ಔಷಧೋಪಚಾರ, ಮುಪ್ಪು, ಮದುವೆ ಮೊದಲಾದವುಗಳಿಗಾಗಿ ಇನ್ನೂ ಶೇಕಡಾ ೨೫ ಸೇರಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು ೧೯೯೧ರ ರೆಪ್ಟಾಕೋಸ್ ಬ್ರೆಟ್ ಮೊಕದ್ದಮೆಯಲ್ಲಿ. ನಡುವಣ ಮೂವತ್ತನಾಲ್ಕು ವರ್ಷ ಕಾರ್ಮಿಕನ ಮಗುವಿನ ಪಾಟಿ ಪುಸ್ತಕಗಳು ಪಗಾರದ ಸೂತ್ರದ ಹೊರಗೇ ನಿಂತಿದ್ದುವು.

ಹಳೆಯ ಗಿರಣಿಯ ಬಾಗಿಲು

ಎರಡು ಕರಾರುಗಳ ಅಂತರವನ್ನು ಜುನೀ ಗಿರಣಿಯ ಪ್ರಕರಣದಷ್ಟು ಬಿಚ್ಚಿ ತೋರಿಸುವ ಬೇರೊಂದು ನಿದರ್ಶನ ನಮ್ಮ ಸೀಮೆಯಲ್ಲಿಲ್ಲ. ೧೯೪೯ರ ಜುಲೈಯಲ್ಲಿ ಗಿರಣಿ ನಿಲ್ಲಿಸುವ ನೋಟೀಸು ಅಂಟಿತು. ಆಗಸ್ಟ್ ೨೭ರಂದು ಗಿರಣಿ ಮುಚ್ಚಿತು. ಆಡಳಿತದ ಅವ್ಯವಸ್ಥೆಯಿಂದ ಅತ್ಯಾವಶ್ಯಕ ವಸ್ತುವಿನ ಉತ್ಪಾದನೆ ಕುಂದಿ, ಜನರಲ್ಲಿ ಭಾರಿ ನಿರುದ್ಯೋಗ ಉಂಟಾಗಿದೆಯೆಂಬ ಕಾರಣವನ್ನು ಮುಂದಿಟ್ಟು ಕೇಂದ್ರ ಸರಕಾರವು ೧೯೫೦ರ ಜನವರಿಯಲ್ಲಿ ಆರ್ಡಿನನ್ಸು ಹೊರಡಿಸಿ, ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡು, ತನ್ನದೇ ನಿರ್ದೇಶಕರನ್ನು ನೇಮಿಸಿತು. ಆಮೇಲೆ ಅದೇ ಕಾಯಿದೆಯಾಯಿತು.

ಸಂವಿಧಾನ ಜಾರಿಗೆ ಬಂದ ವರ್ಷವದು. ಷೇರುದಾರರೊಬ್ಬರು, ಚಿರಂಜಿತಲಾಲ ಚೌಧರಿಯವರು, ಸಮಾನತೆಯ ಮತ್ತು ಸೊತ್ತಿನ ಹಕ್ಕುಗಳಿಗೆ ಭಂಗ ಬಂದಿದೆಯೆಂದು ಸುಪ್ರೀಂ ಕೋರ್ಟಿಗೆ ಹೋದರು. ೧೯೫೦ರ ಡಿಸೆಂಬರ ೪ರಂದು ಮೂವರು ನ್ಯಾಯಾಧೀಶರ ಬಹುಮತದಿಂದ ಆ ಅರ್ಜಿ ವಜಾ ಆಯಿತು. ಇಬ್ಬರು ಭಿನ್ನಮತ ಬರೆದರು. ಹೊಸ ನಿರ್ದೇಶಕರು ಷೇರುಗಳ ಮೇಲಿನ ಬಾಕಿ ಹಣ ಕೇಳಿದಾಗ ದ್ವಾರಕಾದಾಸ ಶ್ರೀನಿವಾಸರೆಂಬ ಇನ್ನೊಬ್ಬ ಷೇರುದಾರರು ದಾವೆ ಹೂಡಿದರು. ೧೯೫೩ರ ಡಿಸೆಂಬರ ೧೮ರ ತೀರ್ಪು ಅವರ ಪರವಾಯಿತು. ಪರಿಹಾರವಿಲ್ಲದೆ ಸೊತ್ತನ್ನು ಕಸಿದುಕೊಂಡಂತಾಯಿತೆಂದು ಕೋರ್ಟು ಅಭಿಪ್ರಾಯಪಟ್ಟಿತು. ೧೯೫೫ರಲ್ಲಿ ಸಂವಿಧಾನಕ್ಕೆ ನಾಲ್ಕನೆಯ ತಿದ್ದುಪಡಿ ಬರಲು ಈ ತೀರ್ಪೂ ಒಂದು ಕಾರಣ. ಇಂದಿಗೂ ಕಾನೂನಿನ ವಿದ್ಯಾರ್ಥಿಗಳು ಸೊಲ್ಲಾಪುರದ ಹೆಸರನ್ನು ಮೊದಲು ಓದುವುದು ಈ ಮೊಕದ್ದಮೆಗಳಲ್ಲಿಯೇ.

ನಾವು ಗಮನಿಸಬೇಕಾದುದು ಇಷ್ಟು. ಎರಡೂ ವ್ಯಾಜ್ಯಗಳಲ್ಲಿ ವಾದಿಗಳಾಗಿ ನಿಂತವರು ಷೇರುದಾರರು. ಷೇರು ಒಂದು ಸೊತ್ತು. ಅದಕ್ಕೆ ಭಂಗ ಬಂದರೆ ದೇಶದ ಅತ್ಯುನ್ನತ ನ್ಯಾಯಪೀಠದ ಬಾಗಿಲು ತಟ್ಟಬಹುದು. ಇಪ್ಪತ್ತು ವರ್ಷ ಒಂದೇ ಮಗ್ಗದ ಮುಂದೆ ನಿಂತು ನೇಯ್ದವನಿಗೆ ಆ ಕೆಲಸ ಸೊತ್ತಲ್ಲ. ನಿರುದ್ಯೋಗಿಯಾದ ಸೊಲ್ಲಾಪುರದ ಕಾರ್ಮಿಕನು ಕಾಯಿದೆಯ ಪೀಠಿಕೆಯಲ್ಲಿ ಕಾರಣವಾಗಿ ಬಂದ. ಕೋರ್ಟಿನಲ್ಲಿ ಕಕ್ಷಿಗಾರನಾಗಿ ಬರಲಿಲ್ಲ.

ಉಳಿದ ಪ್ರಶ್ನೆಗಳು

೧೯೪೬ರ ಕಾಯಿದೆಯ ಬೀಜ ಮರವಾದುದು ೧೯೮೨ರಲ್ಲಿ. ಆ ಜನವರಿ ೧೮ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ 
ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಸಂಪು ಹೂಡಿದರು. ಪಗಾರದ ಹೆಚ್ಚಳದ ಜೊತೆಗೆ, ತಮ್ಮ ಪ್ರತಿನಿಧಿ ಯಾರೆಂಬುದನ್ನು ತಾವೇ ಆರಿಸುವ ಹಕ್ಕೂ ಅವರ ಬೇಡಿಕೆಯಾಗಿತ್ತು. ಕಾನೂನು ಮನ್ನಿಸಿದ ಸಂಘ ಬೇರೆ, ಕಾರ್ಮಿಕರು ನಂಬಿದ ಮುಂದಾಳು ಬೇರೆ. ಹೀಗಾಗಿ ಮೇಜಿನ ಒಂದು ಬದಿಯ ಕುರ್ಚಿ ಬರಿದಾಗಿಯೇ ಉಳಿಯಿತು. ಸಂಪು ಮುಗಿಯಿತೆಂದು ಯಾರೂ ವಿಧಿವತ್ತಾಗಿ ಸಾರಲಿಲ್ಲ, ಗಿರಣಿಗಳೇ ಮುಗಿದುವು. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸಂಬಂಧಗಳ ಸಂಹಿತೆಯು ನೂರಕ್ಕೆ ೫೧ ಕಾರ್ಮಿಕರ ಬೆಂಬಲವುಳ್ಳ ಸಂಘವೇ ಮಾತುಕತೆಯ ಸಂಘವೆಂದು ವಿಧಿಸಿದೆ. ಸಂಖ್ಯೆಯನ್ನು ಪ್ರಾಮಾಣಿಕವಾಗಿ ಎಣಿಸುವುದರ ಮೇಲೆ ಅದರ ಹಣೆಬರಹ ನಿಂತಿದೆ.

ಸೊಲ್ಲಾಪುರದ ಹಳೆಯ ದೊಡ್ಡ ಗಿರಣಿಗಳ ಭೋಂಗಾ ಈಗ ಕೂಗುವುದಿಲ್ಲ. ಚಾದರ ಟಾವೆಲುಗಳ ವಿದ್ಯುನ್ಮಗ್ಗಗಳೂ ಹೆಣ್ಣುಮಕ್ಕಳು ಕಟ್ಟುವ ಬೀಡಿಯೂ ಊರಿನ ದುಡಿಮೆಯಾಗಿವೆ. ಸಾವಿರ ಬೀಡಿಗೆ ಇಷ್ಟು, ಇಷ್ಟು ನೇಯ್ದರೆ ಇಷ್ಟು ಎಂಬ ದರವನ್ನು ಮನೆಮನೆಗೆ ಚದುರಿದವರು ಕೂಡಿ ಕುಳಿತು ಮಾತಾಡುವುದು, ಒಂದೇ ಗೋಡೆಯೊಳಗೆ ಸಾವಿರ ಜನ ಸೇರಿದ್ದ ಗಿರಣಿಗಿಂತ ಕಷ್ಟದ ಕೆಲಸ.

ಅಂತರದ ವಿಷಯದಲ್ಲಿ ಒಂದು ಹೆಜ್ಜೆ ಮುಂದಾಗಿದೆಯೆಂದು ಹೇಳಬಹುದು. ಷೇರುಪೇಟೆಯಲ್ಲಿ ನಮೂದಾದ ಕಂಪನಿಯು ತನ್ನ ಪ್ರತಿಯೊಬ್ಬ ನಿರ್ದೇಶಕನ ಪ್ರತಿಫಲವು ನೌಕರರ ನಡುಮಟ್ಟದ ವೇತನದ ಎಷ್ಟು ಪಟ್ಟೆಂಬುದನ್ನು ವರದಿಯಲ್ಲಿ ಪ್ರಕಟಿಸಬೇಕೆಂದು ೨೦೧೩ರ ಕಂಪನಿ ಕಾಯಿದೆ ವಿಧಿಸಿತು. ಸರಕಾರಿ ನೌಕರಿಯಲ್ಲಿ ಏಳನೆಯ ವೇತನ ಆಯೋಗವು ಕನಿಷ್ಠವನ್ನು ೧೮,೦೦೦ಕ್ಕೂ ಗರಿಷ್ಠವನ್ನು ೨,೫೦,೦೦೦ಕ್ಕೂ ನಿಲ್ಲಿಸಿತು. ಅಂತರ ಹದಿನಾಲ್ಕು ಪಟ್ಟಿಗೂ ತುಸು ಕಡಿಮೆ. ಇಷ್ಟು ಪಟ್ಟು ನ್ಯಾಯ, ಇದಕ್ಕೆ ಮೇಲಾದುದು ಅನ್ಯಾಯವೆಂದು ಗೆರೆ ಎಳೆಯುವ ಧೈರ್ಯ ನಮಗಿಲ್ಲ. ಹೊಣೆಗಾರಿಕೆಗೂ ನೈಪುಣ್ಯಕ್ಕೂ ಹೆಚ್ಚಿನ ಬೆಲೆ ಸಲ್ಲಬೇಕಾದುದೇ. ಆದರೆ ಪಗಾರದ ಮಾತಿಗೆ ಕುಳಿತ ಇಬ್ಬರಿಗೂ ಇಬ್ಬರ ಲೆಕ್ಕವೂ ಕಾಣಬೇಕು. ಲೆಕ್ಕ ಕಂಡಲ್ಲಿ ೫೦ನ್ನು ೩೫ಕ್ಕೆ ಇಳಿಸಲು ಕಾರ್ಮಿಕರೇ ಒಪ್ಪಿದರು. ಲೆಕ್ಕ ಮುಚ್ಚಿದಲ್ಲಿ ಅಪನಂಬಿಕೆಯೊಂದೇ ಬೆಳೆಯಿತು. ಈ ಚರಿತ್ರೆಯಿಂದ ನಾವು ತೆಗೆಯುವ ಸಿದ್ಧಾಂತ ಇದು.

ಕೊನೆಯದಾಗಿ ಭಾಷೆಯ ಮಾತು. ೧೯೪೬ರ ಕೇಂದ್ರದ ಸ್ಥಾಯೀ ಆಜ್ಞೆಗಳ ಕಾಯಿದೆಯು ಕೆಲಸದ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ ಬಹುಸಂಖ್ಯ ಕೆಲಸಗಾರರು ಬಲ್ಲ ಭಾಷೆಯಲ್ಲಿಯೂ ಬಾಗಿಲ ಬಳಿ ಅಂಟಿಸಬೇಕೆಂದಿತು. ನಿಯಮ ಒಳ್ಳೆಯದೇ. ಆದರೆ ಗಡಿನಾಡಿನಲ್ಲಿ ‘ಬಹುಸಂಖ್ಯ’ ಎಂಬ ಮಾತಿನ ಹೊರಗೆ ಉಳಿಯುವವರೂ ಇರುತ್ತಾರೆ. ಮೂರು ಭಾಷೆಯವರು ಒಂದೇ ಖಾತೆಯಲ್ಲಿ ದುಡಿದ ಊರಿನಲ್ಲಿ, ಕರಾರಿನ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳಿ ಹೆಬ್ಬೆಟ್ಟು ಒತ್ತಿದವರ ಸಾಲು ಉದ್ದವಿದೆ. ಓದು ಕಲಿಸುವ ನಮ್ಮ ವೃತ್ತಿಗೂ ಪಗಾರದ ಕರಾರಿಗೂ ಇರುವ ನಂಟು ಇಲ್ಲಿದೆ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ನಮ್ಮ ಶಾಲೆಗಳಲ್ಲಿ ಗಿರಣಿ ಆಳುಗಳ ಮೊಮ್ಮಕ್ಕಳೂ ಮರಿಮಕ್ಕಳೂ ಓದುತ್ತಿದ್ದಾರೆ. ಅವರ ಮನೆಯ ಟ್ರಂಕುಗಳಲ್ಲಿ ಪಗಾರದ ಚೀಟಿಗಳು, ಸಂಘದ ರಸೀದಿಗಳು, ಸಂಪಿನ ಕಾಲದ ಕರಪತ್ರಗಳು ಇದ್ದಾವು. ಕನ್ನಡ, ಮರಾಠಿ, ತೆಲುಗು ಯಾವುದರಲ್ಲಿಯೇ ಇರಲಿ, ಅವನ್ನು ಕೇಳಿ ಪಡೆದು ನಕಲು ಮಾಡಿಡಿರಿ. ಹಿರಿಯರು ಬದುಕಿರುವಾಗಲೇ ಅವರ ಬಾಯಿಂದ ದರಗಳನ್ನೂ ದಂಡಗಳನ್ನೂ ಮುಕಾದಮರ ರೀತಿಗಳನ್ನೂ ಬರೆದುಕೊಳ್ಳಿರಿ. ಕಲ್ಲಿನ ಶಾಸನ ಇನ್ನೂ ನೂರು ವರ್ಷ ಕಾದೀತು; ಪಗಾರದ ಚೀಟಿಯನ್ನು ಗೆದ್ದಲು ಅಷ್ಟು ದಿನ ಬಿಡಲಾರದು.